ಪಟ್ಟಿಯಲ್ಲಿ ಹೆಸರಿದೆ, ಆರ್ಡರ್ ಎಲ್ಲಿದೆ?

ರೈಲ್ವೆಗೆ ಬಿಡಿಭಾಗ ಪೂರೈಸಲು ಮಾನ್ಯತೆ ಪಡೆಯುವುದೇ ಸಣ್ಣ ಕಾರ್ಖಾನೆಗಳಿಗೆ ಒಂದು ಸಾಹಸ. ಅದು ಮುಗಿದ ಮರುದಿನವೇ ಇನ್ನೊಂದು ಶುರುವಾಗುತ್ತದೆ: ಕೊಳ್ಳುವವರ ಕಣ್ಣಿಗೆ ಬೀಳುವ ಸಾಹಸ.

ಯಾವುದೇ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ನಿಂತು ಹಳಿಯತ್ತ ಕಣ್ಣು ಹಾಯಿಸಿ. ಕಾಂಕ್ರೀಟ್ ಸ್ಲೀಪರ್‌ಗೆ ಹಳಿಯನ್ನು ಒತ್ತಿ ಹಿಡಿದಿರುವ, ಸುತ್ತಿಕೊಂಡಂತೆ ಬಾಗಿದ ಉಕ್ಕಿನ ತುಂಡೊಂದು ಕಾಣುತ್ತದೆ. ಅದು ಇಲಾಸ್ಟಿಕ್ ರೈಲ್ ಕ್ಲಿಪ್. ರೈಲ್ವೆಯವರ ಬಾಯಲ್ಲಿ ಇಆರ್‌ಸಿ. ಒಂದು ಸ್ಲೀಪರ್‌ಗೆ ನಾಲ್ಕು ಕ್ಲಿಪ್. ಕಿಲೊಮೀಟರಿಗೆ 1660 ಸ್ಲೀಪರ್ ಹಾಸಿದರೆ 6640 ಕ್ಲಿಪ್ ಬೇಕು. ದೇಶದ ತುಂಬ ಹಬ್ಬಿರುವ ಹಳಿಗೆ ಎಷ್ಟು ಬೇಕಾದೀತು ಎಂಬುದನ್ನು ಊಹಿಸಿಕೊಳ್ಳಬಹುದು.

ಬಹಳ ಕಾಲದಿಂದ ಬಳಕೆಯಲ್ಲಿರುವ ಮಾರ್ಕ್–3 ಮಾದರಿಯ ಕ್ಲಿಪ್ ಒಂದು ಕೆ.ಜಿ.ಯೂ ತೂಗುವುದಿಲ್ಲ. 20.64 ಮಿಲಿಮೀಟರ್ ದಪ್ಪದ ಸಿಲಿಕೊ–ಮ್ಯಾಂಗನೀಸ್ ಸ್ಪ್ರಿಂಗ್ ಸ್ಟೀಲ್ ಸರಳನ್ನು ಕತ್ತರಿಸಿ, ಕೆಂಪಗೆ ಕಾಯಿಸಿ, ಪ್ರೆಸ್‌ನಲ್ಲಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದರೆ ಕ್ಲಿಪ್ ಸಿದ್ಧ. ಪೀಣ್ಯದ ಶೆಡ್ಡುಗಳಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಪಳಗಿದ ಕೈಗಳಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಆದರೆ ಹದ ತಪ್ಪುವಂತಿಲ್ಲ. ಗಡಸುತನ ರಾಕ್‌ವೆಲ್ ಮಾಪನದಲ್ಲಿ 40ರಿಂದ 44ರ ನಡುವೆಯೇ ಇರಬೇಕು. ಒಂದೊಂದು ಕ್ಲಿಪ್ಪೂ ಹಳಿಯ ಪಾದವನ್ನು 850ರಿಂದ 1100 ಕೆ.ಜಿ. ಬಲದಲ್ಲಿ ಒತ್ತಿ ಹಿಡಿಯಬೇಕು. ಗಡಸು ಹೆಚ್ಚಾದರೆ ಕ್ಲಿಪ್ ತುಂಡಾಗುತ್ತದೆ, ಕಡಿಮೆಯಾದರೆ ಸಡಿಲಾಗುತ್ತದೆ. ಎರಡರ ಬೆಲೆಯನ್ನೂ ತೆರುವವರು ಪ್ರಯಾಣಿಕರು.

ಹೀಗಾಗಿ ಇದನ್ನು ರೈಲ್ವೆ ಸಿಕ್ಕಸಿಕ್ಕವರಿಂದ ಕೊಳ್ಳುವುದಿಲ್ಲ. ಅದಕ್ಕೊಂದು ಪಟ್ಟಿಯಿದೆ. ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ದೊಡ್ಡ ಆರ್ಡರ್ ಕೇಳಬಹುದು. ಆ ಪಟ್ಟಿ ಸೇರಲು ಕಾರ್ಖಾನೆ ಮಾಲೀಕರು ಸಾಲ ಮಾಡಿ ಯಂತ್ರ ತರುತ್ತಾರೆ, ಲ್ಯಾಬ್ ಕಟ್ಟುತ್ತಾರೆ, ಕಡತ ಹೊತ್ತು ಓಡಾಡುತ್ತಾರೆ. ಕೊನೆಗೊಂದು ದಿನ ಹೆಸರು ಸೇರುತ್ತದೆ, ಸಿಹಿ ಹಂಚುತ್ತಾರೆ. ಆಮೇಲೆ ತಿಂಗಳುಗಳು ಉರುಳುತ್ತವೆ, ಫೋನ್ ಮಾತ್ರ ರಿಂಗಣಿಸುವುದಿಲ್ಲ. ಮಾನ್ಯತೆಗೂ ಆರ್ಡರಿಗೂ ನಡುವಿನ ಈ ದೂರವನ್ನು ಕೆಲವರು ಬೇಗ ದಾಟುತ್ತಾರೆ, ಹಲವರು ದಾಟುವುದೇ ಇಲ್ಲ. ಅದೃಷ್ಟವನ್ನೋ ವಶೀಲಿಯನ್ನೋ ದೂರುವುದು ಸುಲಭ. ನಿಜವಾದ ಕಾರಣ ಬಹುಮಟ್ಟಿಗೆ ರೈಲ್ವೆ ಕೊಳ್ಳುವ ರೀತಿಯಲ್ಲೇ ಅಡಗಿದೆ.

ಲಖನೌದ ಪಟ್ಟಿ

ಪಟ್ಟಿಯ ಮೂಲಸ್ಥಾನ ಲಖನೌದ ಮಾನಕ್ ನಗರದಲ್ಲಿರುವ ಆರ್‌ಡಿಎಸ್‌ಒ, ಅಂದರೆ ರೈಲ್ವೆಯ ಸಂಶೋಧನೆ, ವಿನ್ಯಾಸ ಮತ್ತು ಮಾನಕ ಸಂಸ್ಥೆ. 1930ರಲ್ಲಿ ಆರಂಭವಾಗಿದ್ದ ಕೇಂದ್ರ ಮಾನಕ ಕಚೇರಿ ಹಾಗೂ 1952ರಲ್ಲಿ ಶುರುವಾದ ಪರೀಕ್ಷಾ ಮತ್ತು ಸಂಶೋಧನಾ ಕೇಂದ್ರ, ಇವೆರಡನ್ನೂ 1957ರಲ್ಲಿ ಒಂದುಗೂಡಿಸಿ ಇದನ್ನು ಕಟ್ಟಿದರು. ಹಳಿ, ಸೇತುವೆ, ಸಿಗ್ನಲ್, ಬೋಗಿ, ಬ್ರೇಕ್ ಹೀಗೆ ಸುರಕ್ಷತೆಗೆ ಸಂಬಂಧಿಸಿದ ವಸ್ತುಗಳ ನಕ್ಷೆ ಬರೆಯುವುದು, ನಿರ್ದಿಷ್ಟ ಗುಣಮಟ್ಟ ಗೊತ್ತುಪಡಿಸುವುದು, ಯಾರು ಅದನ್ನು ತಯಾರಿಸಬಲ್ಲರು ಎಂದು ಪರೀಕ್ಷಿಸುವುದು ಎಲ್ಲವೂ ಇದರ ಕೆಲಸ. 2021ರಲ್ಲಿ ಭಾರತೀಯ ಮಾನಕ ಬ್ಯೂರೊ ‘ಒಂದು ದೇಶ, ಒಂದು ಮಾನಕ’ ಯೋಜನೆಯಡಿ ಮಾನಕ ರೂಪಿಸುವ ಸಂಸ್ಥೆಯೆಂದು ಮೊದಲು ಮನ್ನಣೆ ಕೊಟ್ಟದ್ದೂ ಇದಕ್ಕೇ.

ಆದರೆ ಪಟ್ಟಿ ಇದೊಂದೇ ಅಲ್ಲ. ಚೆನ್ನೈನ ಬೋಗಿ ಕಾರ್ಖಾನೆ ಐಸಿಎಫ್, ಚಿತ್ತರಂಜನ್ ಮತ್ತು ವಾರಾಣಸಿಯ ಎಂಜಿನ್ ಕಾರ್ಖಾನೆಗಳು, ಕಪುರ್ಥಲದ ಕೋಚ್ ಕಾರ್ಖಾನೆ, ನಮ್ಮ ಯಲಹಂಕದ ರೈಲು ಗಾಲಿ ಕಾರ್ಖಾನೆ ಇವೆಲ್ಲ ತಮ್ಮ ತಮ್ಮ ವಸ್ತುಗಳಿಗೆ ತಾವೇ ಮಾನ್ಯತೆ ಕೊಡುತ್ತವೆ. ಮೊದಲು ಒಂದೊಂದು ಕಚೇರಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಪದ್ಧತಿ ಇತ್ತು. ಈಗ ರೈಲ್ವೆಯ ಇ–ಖರೀದಿ ಜಾಲತಾಣ ಐಆರ್‌ಇಪಿಎಸ್‌ನಲ್ಲೇ ಯುವಾಮ್ ಎಂಬ ಏಕೀಕೃತ ವ್ಯವಸ್ಥೆ ಬಂದಿದೆ. ಅರ್ಜಿ, ಶುಲ್ಕ, ದಾಖಲೆ, ಆಕ್ಷೇಪ, ಉತ್ತರ ಎಲ್ಲವೂ ಅದರಲ್ಲೇ.

ಈ ಪಟ್ಟಿಯ ಬಗ್ಗೆ ಹೊಸಬರು ತಪ್ಪಾಗಿ ತಿಳಿಯುವುದು ಒಂದಿದೆ. ಮಾನ್ಯತೆ ಸಿಗುವುದು ಕಂಪನಿಗಲ್ಲ, ವಸ್ತುವಿಗೆ. ಮಾರ್ಕ್–3 ಕ್ಲಿಪ್ ತಯಾರಿಸಲು ಮಾನ್ಯತೆ ಇದ್ದವರು 23 ಮಿಲಿಮೀಟರ್ ಸರಳಿನ ಮಾರ್ಕ್–5 ಕ್ಲಿಪ್‌ಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ವಸ್ತುವೊಂದಕ್ಕೆ ಯಾವ ಯಂತ್ರ, ಯಾವ ಪರೀಕ್ಷಾ ಉಪಕರಣ ಇರಲೇಬೇಕು ಎಂಬ ತಾಂತ್ರಿಕ ಅಗತ್ಯಗಳ ಪಟ್ಟಿ ಇರುತ್ತದೆ. ಅದಕ್ಕೆ ಸರಿಹೊಂದುವುದನ್ನು ತೋರಿಸಬೇಕು, ಕಚ್ಚಾ ಮಾಲಿನಿಂದ ಪ್ಯಾಕಿಂಗ್‌ವರೆಗೆ ಗುಣಮಟ್ಟದ ಯೋಜನೆ ಬರೆದು ಕೊಡಬೇಕು, ಅಧಿಕಾರಿಗಳು ಬಂದು ಕಾರ್ಖಾನೆ ನೋಡಬೇಕು, ಮಾದರಿ ಪರೀಕ್ಷೆಯಲ್ಲಿ ಪಾಸಾಗಬೇಕು. ಇಷ್ಟಾದರೂ ಸಿಗುವುದು ಪೂರ್ಣ ಮಾನ್ಯತೆಯಲ್ಲ.

ಎರಡು ಮೆಟ್ಟಿಲು

ಪಟ್ಟಿಯಲ್ಲಿ ಎರಡು ದರ್ಜೆ. ಕೆಳಗಿನದು ‘ಡೆವಲಪ್‌ಮೆಂಟಲ್ ಆರ್ಡರ್‌ಗೆ ಅರ್ಹ’ ವೆಂಡರ್. ಮೇಲಿನದು ‘ಅಪ್ರೂವ್ಡ್’ ವೆಂಡರ್. ಹಳಬರು ಈಗಲೂ ಇವನ್ನು ಪಾರ್ಟ್–2, ಪಾರ್ಟ್–1 ಎಂದೇ ಕರೆಯುತ್ತಾರೆ. ಹೊಸಬರು ಸೇರುವುದು ಕೆಳಗಿನ ಮೆಟ್ಟಿಲಿಗೆ. ಅಲ್ಲಿಂದ ಮೇಲೇರಲು ಗೊತ್ತುಪಡಿಸಿದಷ್ಟು ಮಾಲು ಪೂರೈಸಿರಬೇಕು, ಆ ಮಾಲು ಹಳಿಯ ಮೇಲೋ ಬೋಗಿಯ ಕೆಳಗೋ ನಿಗದಿತ ಕಾಲ ದೂರಿಲ್ಲದೆ ದುಡಿದಿರಬೇಕು.

ತೊಡಕಿರುವುದು ಇಲ್ಲೇ. ಟೆಂಡರ್‌ನ ಬಹುಪಾಲು ಅಪ್ರೂವ್ಡ್ ವೆಂಡರ್‌ಗಳಿಗೆ ಮೀಸಲು. ಹೊಸಬರಿಗೆ ಸಾಮಾನ್ಯವಾಗಿ ಒಟ್ಟು ಪ್ರಮಾಣದ ಶೇ 20ರವರೆಗೆ ಕೊಡಬಹುದು. ‘ಕೊಡಬಹುದು’ ಎಂದರೆ ಕೊಡಲೇಬೇಕೆಂದಿಲ್ಲ. ಆ ಪಾಲಿಗೂ ಹಲವು ಹೊಸಬರ ಪೈಪೋಟಿ. ಅನುಭವ ಬೇಕೆಂದರೆ ಆರ್ಡರ್ ಬೇಕು. ಆರ್ಡರ್ ಬೇಕೆಂದರೆ ಅನುಭವ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಈ ನಿಯಮಕ್ಕಾಗಿಯೇ ಕಟ್ಟಿದಂತಿದೆ.

ಕೊಳ್ಳುವವರ ಮೇಜಿನ ಮೇಲೆ

ಈ ಬಿಕ್ಕಟ್ಟಿನಿಂದ ಹೊರಬರಲು ಮೊದಲು ತಿಳಿಯಬೇಕಾದದ್ದು, ಖರೀದಿದಾರ ಅಂದರೆ ಯಾರು ಎಂಬುದು. ಖಾಸಗಿ ಕಂಪನಿಯಲ್ಲಾದರೆ ಖರೀದಿ ವ್ಯವಸ್ಥಾಪಕರು ಇರುತ್ತಾರೆ, ಅವರನ್ನು ಭೇಟಿ ಮಾಡಿ ಮಾಲು ತೋರಿಸಿ ಮನವೊಲಿಸಬಹುದು. ರೈಲ್ವೆಯಲ್ಲಿ ಕೊಳ್ಳುವುದು ಒಬ್ಬ ವ್ಯಕ್ತಿಯಲ್ಲ, ಒಂದು ಕಡತ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆಯನ್ನೇ ತೆಗೆದುಕೊಳ್ಳಿ. ವರ್ಕ್‌ಶಾಪ್ ಅಥವಾ ಡಿಪೋ ತನಗೆ ಏನು ಬೇಕೆಂದು ಹೇಳುತ್ತದೆ. ಸ್ಟೋರ್ಸ್ ವಿಭಾಗ ಟೆಂಡರ್ ಕರೆಯುತ್ತದೆ. ದೊಡ್ಡ ಮೊತ್ತದ ಟೆಂಡರ್‌ಗಳನ್ನು ಸ್ಟೋರ್ಸ್, ಬಳಸುವ ತಾಂತ್ರಿಕ ವಿಭಾಗ ಮತ್ತು ಲೆಕ್ಕಪತ್ರ ವಿಭಾಗದ ಮೂವರು ಅಧಿಕಾರಿಗಳ ಸಮಿತಿ ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಆ ಮೂವರಲ್ಲಿ ಯಾರೂ ನಿಮ್ಮ ಕಾರ್ಖಾನೆಯನ್ನು ಕಂಡಿರಲಿಕ್ಕಿಲ್ಲ. ಅವರ ಮುಂದಿರುವುದು ದರಗಳ ತುಲನಾ ಪಟ್ಟಿ, ನಿಮ್ಮ ಮಾನ್ಯತೆಯ ದರ್ಜೆ ಮತ್ತು ಹಿಂದೆ ಕೊಟ್ಟ ಮಾಲಿನ ದಾಖಲೆ. ನೀವು ಅವರಿಗೆ ಕಾಣುವುದು ಇಷ್ಟರ ಮೂಲಕವೇ.

ಒಂದು ಟೆಂಡರ್ ಪುಟವನ್ನು ಹತ್ತಿರದಿಂದ ನೋಡೋಣ. ಮೇಲ್ಗಡೆ ಟೆಂಡರ್ ಸಂಖ್ಯೆ, ಮುಚ್ಚುವ ದಿನ ಮತ್ತು ವೇಳೆ. ಅದರ ಕೆಳಗೆ ಎಂಟು ಅಂಕಿಯ ಪಿಎಲ್ ನಂಬರ್. ರೈಲ್ವೆಯಲ್ಲಿ ಪ್ರತಿ ವಸ್ತುವನ್ನೂ ಗುರುತಿಸುವುದು ಈ ಸಂಖ್ಯೆಯಿಂದಲೇ. ಆಮೇಲೆ ವಿವರಣೆ: ಇಂಥ ಕ್ಲಿಪ್, ಆರ್‌ಡಿಎಸ್‌ಒ ನಕ್ಷೆ ಸಂಖ್ಯೆ ಟಿ–3701, ಐಆರ್‌ಎಸ್ ಟಿ–31 ಮಾನಕದ ಇತ್ತೀಚಿನ ತಿದ್ದುಪಡಿಯಂತೆ. ನಂತರ ಪ್ರಮಾಣ, ಮಾಲು ತಲುಪಬೇಕಾದ ಡಿಪೋಗಳು, ಅವಧಿ, ತಪಾಸಣೆ ಮಾಡುವ ಸಂಸ್ಥೆ. ಕೊನೆಗೆ ಮಾನ್ಯತೆಯ ಷರತ್ತು.

ಇದರಲ್ಲಿ ‘ಇತ್ತೀಚಿನ ತಿದ್ದುಪಡಿ’ ಎಂಬ ಎರಡು ಪದ ಎಷ್ಟೋ ಜನರನ್ನು ಬೀಳಿಸಿದೆ. ನಿಮ್ಮ ಮಾನ್ಯತೆ ಹಳೆಯ ತಿದ್ದುಪಡಿಯ ನಕ್ಷೆಗೆ ಇದ್ದು, ಟೆಂಡರ್ ಹೊಸದನ್ನು ಕೇಳಿದ್ದರೆ, ಸಮಿತಿ ನಿಮ್ಮನ್ನು ಮಾನ್ಯತೆ ಇಲ್ಲದವರ ಸಾಲಿಗೆ ಸೇರಿಸಬಹುದು. ಮಾಲು ಅದೇ ಕುಲುಮೆಯಿಂದ ಬಂದಿದ್ದರೂ ಅಷ್ಟೆ. ಜಾಲತಾಣದಲ್ಲಿ ನಮೂದಾದ ವಸ್ತುವಿನ ಹೆಸರು, ಕಾರ್ಖಾನೆಯ ವಿಳಾಸ, ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಇವುಗಳಲ್ಲಿ ಒಂದಕ್ಕೊಂದು ತಾಳೆಯಾಗದಿದ್ದರೂ ಇದೇ ಗತಿ. ಕಾರ್ಖಾನೆಯನ್ನು ಪೀಣ್ಯದಿಂದ ದಾಬಸಪೇಟೆಗೆ ಸಾಗಿಸಿ, ಮಾನ್ಯತಾ ದಾಖಲೆಯಲ್ಲಿ ವಿಳಾಸ ಬದಲಿಸದೆ ಉಳಿದವರನ್ನು ಊಹಿಸಿಕೊಳ್ಳಿ. ಯಂತ್ರ, ಕೆಲಸಗಾರರು, ಮಾಲೀಕರು ಎಲ್ಲ ಅವರೇ. ಕಡತದ ಪ್ರಕಾರ ಅವರು ಅಪರಿಚಿತರು.

ಹಾಗಾಗಿ ಕಣ್ಣಿಗೆ ಬೀಳುವ ಮೊದಲ ಪಾಠ ತೀರಾ ಸಪ್ಪೆಯಾದದ್ದು: ದಾಖಲೆ ಚೊಕ್ಕಟವಾಗಿರಬೇಕು. ತಮ್ಮ ವಸ್ತುವಿನ ಪಿಎಲ್ ನಂಬರ್‌ಗಳನ್ನೆಲ್ಲ ಪತ್ತೆ ಮಾಡಿ, ಯಾವ ವಲಯ ಯಾವಾಗ ಟೆಂಡರ್ ಕರೆಯುತ್ತದೆ ಎಂದು ಗಮನಿಸುತ್ತಾ, ಆರ್‌ಡಿಎಸ್‌ಒ ನಕ್ಷೆ ತಿದ್ದಿದ ದಿನವೇ ತಮ್ಮ ಮಾನ್ಯತೆಯನ್ನೂ ತಿದ್ದಿಸಿಕೊಳ್ಳಲು ಅರ್ಜಿ ಹಾಕುವ ಒಬ್ಬ ಗುಮಾಸ್ತ, ಹಿತ್ತಾಳೆ ಬೋರ್ಡಿನ ಸ್ವಾಗತ ಕೊಠಡಿಗಿಂತ ಹೆಚ್ಚು ಆರ್ಡರ್ ತಂದುಕೊಡುತ್ತಾನೆ.

ಮೊದಲ ಆರ್ಡರೇ ಜಾಹೀರಾತು

ಮೊದಲ ಆರ್ಡರ್ ಸಣ್ಣದಿರುತ್ತದೆ. ಲಾಭ ಅಷ್ಟಕ್ಕಷ್ಟೆ, ಕೆಲವೊಮ್ಮೆ ನಷ್ಟವೇ. ಅದನ್ನು ಹಗುರವಾಗಿ ಕಂಡವರು ಅಲ್ಲಿಗೇ ನಿಲ್ಲುತ್ತಾರೆ. ದೊಡ್ಡ ಖಾಸಗಿ ಗಿರಾಕಿಯ ಕೆಲಸ ಬಂತೆಂದು ರೈಲ್ವೆಯ ಸಣ್ಣ ಆರ್ಡರನ್ನು ಪಕ್ಕಕ್ಕಿಟ್ಟರೆ ಅವಧಿ ಮೀರುತ್ತದೆ. ಅವಧಿ ವಿಸ್ತರಣೆಗೆ ಅರ್ಜಿ, ತಡವಾದದ್ದಕ್ಕೆ ಹಣ ಕಡಿತ. ಹಣದ ಕಡಿತ ಹೇಗೋ ಮರೆತುಹೋಗುತ್ತದೆ, ದಾಖಲೆ ಮರೆಯುವುದಿಲ್ಲ. ಮುಂದಿನ ಟೆಂಡರ್‌ನಲ್ಲಿ ‘ಹಿಂದಿನ ಪೂರೈಕೆ ತೃಪ್ತಿಕರವಲ್ಲ’ ಎಂಬ ಒಂದೇ ಸಾಲು, ನಿಮ್ಮ ಕಡಿಮೆ ದರವನ್ನು ನುಂಗಿ ಹಾಕುತ್ತದೆ.

ತಪಾಸಣೆಯೂ ಹಾಗೆಯೇ. ಮಾಲು ಕಾರ್ಖಾನೆಯಿಂದ ಹೊರಡುವ ಮುನ್ನ ಆರ್‌ಡಿಎಸ್‌ಒ, ಸರ್ಕಾರಿ ಕಂಪನಿ ರೈಟ್ಸ್ ಅಥವಾ ಟೆಂಡರ್‌ನಲ್ಲಿ ಹೇಳಿದ ಬೇರೊಂದು ಸಂಸ್ಥೆಯ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಕ್ಲಿಪ್ಪಿನ ಉದಾಹರಣೆಯಲ್ಲೇ ಹೇಳುವುದಾದರೆ ಅವರು ಲಾಟಿನಿಂದ ಕೆಲವನ್ನು ಆರಿಸಿ ಅಳತೆ ತೆಗೆಯುತ್ತಾರೆ, ಗಡಸುತನ ನೋಡುತ್ತಾರೆ, ಕ್ಲಿಪ್ಪನ್ನು ಹಾಕಿ ತೆಗೆದು ಎಷ್ಟು ಬಲದಲ್ಲಿ ಒತ್ತುತ್ತದೆ ಎಂದು ಪರೀಕ್ಷಿಸುತ್ತಾರೆ. ಅನುಭವಸ್ಥ ತಯಾರಕರು ಇನ್‌ಸ್ಪೆಕ್ಟರನ್ನು ಕರೆಯುವ ಮುನ್ನ ಅದೇ ಪರೀಕ್ಷೆಗಳನ್ನು ತಾವೇ ಮಾಡಿ, ಸಂಶಯವಿದ್ದ ಲಾಟನ್ನು ತಾವೇ ತಡೆಹಿಡಿಯುತ್ತಾರೆ. ತಿರಸ್ಕೃತ ಲಾಟುಗಳ ಲೆಕ್ಕ ಬೆಳೆದರೆ ಮಾನ್ಯತೆಯ ದರ್ಜೆ ಇಳಿಯಬಹುದು, ಪಟ್ಟಿಯಿಂದ ಹೆಸರೇ ಕಿತ್ತುಹೋಗಬಹುದು.

ತಪಾಸಣೆಯಲ್ಲಿ ಪಾಸಾದ ಮಾಲು ಡಿಪೋ ಸೇರಿದ ಮೇಲೆ ಬರುವ ಇನ್ನೊಬ್ಬ ತೀರ್ಪುಗಾರರು, ಅದನ್ನು ಕೈಯಲ್ಲಿ ಹಿಡಿದು ಬಳಸುವವರು. ಹುಬ್ಬಳ್ಳಿ ಅಥವಾ ಮೈಸೂರಿನ ವರ್ಕ್‌ಶಾಪ್‌ನಲ್ಲಿ ಬೋಗಿ ಬಿಚ್ಚುವ ಫಿಟ್ಟರ್, ಹಳಿಯುದ್ದಕ್ಕೂ ನಡೆಯುವ ಕೀಮ್ಯಾನ್, ಅವರ ಮೇಲಿನ ಸೀನಿಯರ್ ಸೆಕ್ಷನ್ ಎಂಜಿನಿಯರ್. ಟೆಂಡರ್‌ನಲ್ಲಿ ಇವರ ಹೆಸರಿರುವುದಿಲ್ಲ. ಆದರೆ ವಾರಂಟಿ ಅವಧಿಯಲ್ಲಿ ಮಾಲು ಕೈಕೊಟ್ಟಾಗ ದೂರು ಬರೆಯುವವರು ಇವರೇ. ದೂರು ಬಂದ ಎರಡೇ ದಿನದಲ್ಲಿ ಎಂಜಿನಿಯರನ್ನು ಕಳುಹಿಸಿ, ಕೆಟ್ಟ ಮಾಲು ಬದಲಿಸಿ, ಕಾರಣವನ್ನು ಬರೆದು ಕೊಟ್ಟ ಪೂರೈಕೆದಾರರ ಹೆಸರು ಶೆಡ್ಡಿನಲ್ಲಿ ನೆನಪಿರುತ್ತದೆ. ಬಳಸುವ ವಿಭಾಗದಿಂದ ಬರುವ ‘ಸೇವೆ ತೃಪ್ತಿಕರ’ ಎಂಬ ಪತ್ರವೇ ಮುಂದೆ ಮೇಲಿನ ಮೆಟ್ಟಿಲಿಗೆ ಏರಲು ಬೇಕಾದ ದಾಖಲೆ. ಕೇಳಿ ಪಡೆಯದೆ ಹೋದರೆ ಅದು ತಾನಾಗಿ ಬರುವುದಿಲ್ಲ.

ರಿಯಾಯಿತಿ ಇದೆ, ವಿನಾಯಿತಿ ಇಲ್ಲ

ಸಣ್ಣ ಕೈಗಾರಿಕೆಗಳಿಗೆ ಕಾನೂನು ಕೆಲವು ಅನುಕೂಲ ಮಾಡಿಕೊಟ್ಟಿದೆ. 2012ರ ಸಾರ್ವಜನಿಕ ಖರೀದಿ ನೀತಿಯಂತೆ ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ವಾರ್ಷಿಕ ಖರೀದಿಯಲ್ಲಿ ಒಂದು ಪಾಲನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಮೊದಲು ಶೇ 20 ಇದ್ದ ಆ ಪಾಲು 2018ರಲ್ಲಿ ಶೇ 25ಕ್ಕೆ ಏರಿತು. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ ಶೇ 4, ಮಹಿಳೆಯರ ಉದ್ಯಮಗಳಿಗೆ ಶೇ 3. ಸಣ್ಣ ಉದ್ಯಮದ ದರ ಅತಿ ಕಡಿಮೆ ದರಕ್ಕಿಂತ, ಅಂದರೆ ‘ಎಲ್–1’ಗಿಂತ, ಶೇ 15ರೊಳಗೆ ಹೆಚ್ಚಿದ್ದರೆ, ಎಲ್–1 ದರಕ್ಕೆ ಒಪ್ಪಿ ಟೆಂಡರ್‌ನ ಒಂದು ಪಾಲು ಪಡೆಯುವ ಅವಕಾಶವಿದೆ. ಮುಂಗಡ ಠೇವಣಿ ಕಟ್ಟಬೇಕಿಲ್ಲ. ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಸಿಗಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಆದರೆ ಈ ಯಾವ ರಿಯಾಯಿತಿಯೂ ಸುರಕ್ಷತಾ ವಸ್ತುವಿನ ಮಾನ್ಯತೆಗೆ ಬದಲಿಯಲ್ಲ. ಹಾಗಿರುವುದು ಸರಿಯೂ ಹೌದು. ಉದ್ಯಮ್ ಪ್ರಮಾಣಪತ್ರವಿದೆ ಎಂಬ ಕಾರಣಕ್ಕೆ ಬಿರುಕು ಬಿಟ್ಟ ಸ್ಪ್ರಿಂಗನ್ನು ಯಾರೂ ಬೋಗಿಗೆ ಜೋಡಿಸಲಾರರು.

ಇನ್ನೊಂದು ದಾರಿ ಬಹಳ ಜನ ಗಮನಿಸದೇ ಇರುವುದು. ರೈಲ್ವೆ ಕೊಳ್ಳುವ ಎಲ್ಲದಕ್ಕೂ ಪಟ್ಟಿ ಇಲ್ಲ. 1984ರಲ್ಲಿ ಶುರುವಾದ ಯಲಹಂಕದ ಗಾಲಿ ಕಾರ್ಖಾನೆ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗ್ರಾಫೈಟ್ ಅಚ್ಚುಗಳಲ್ಲಿ ಗಾಲಿ ಎರಕ ಹೊಯ್ಯುತ್ತದೆ. ಅಂಥ ಕಡೆ ಮುಖ್ಯ ಸಾಮಗ್ರಿಯ ಜತೆಗೆ ಕೈಗವಸು, ಕೊಯ್ಯುವ ಉಪಕರಣ, ಎಣ್ಣೆ, ಯಂತ್ರಗಳ ಬಿಡಿಭಾಗ ಹೀಗೆ ನೂರೆಂಟು ವಸ್ತುಗಳ ಅಗತ್ಯ ಇದ್ದೇ ಇರುತ್ತದೆ. ಇಂಥವುಗಳ ಆರ್ಡರ್‌ಗಳು ಮುಕ್ತ ಟೆಂಡರ್‌ಗಳಲ್ಲೋ, 2016ರಲ್ಲಿ ಆರಂಭವಾದ ಸರ್ಕಾರಿ ಇ–ಮಾರುಕಟ್ಟೆ ‘ಜೆಮ್’ನಲ್ಲೋ ಸಿಗುತ್ತವೆ. ಮಾನ್ಯತೆಯ ಅರ್ಜಿ ಲಖನೌದಲ್ಲಿರುವಾಗಲೇ ಇವನ್ನು ಹೊತ್ತಿಗೆ ಸರಿಯಾಗಿ ಪೂರೈಸಿದ ಕಾರ್ಖಾನೆಗೆ, ಮುಂದೆ ತೋರಿಸಲು ಒಂದು ದಾಖಲೆಯಾದರೂ ಇರುತ್ತದೆ.

ಹಿಂಬಾಗಿಲಲ್ಲ, ಪಕ್ಕದ ಬಾಗಿಲು

ರೈಲ್ವೆಗೆ ನೇರವಾಗಿ ಮಾರದೆಯೂ ರೈಲಿನೊಳಗೆ ಸೇರಬಹುದು. ಬೆಂಗಳೂರಿನ ಬೆಮೆಲ್ ಮೆಟ್ರೊ ಬೋಗಿಗಳನ್ನು ಕಟ್ಟುತ್ತದೆ. ವಂದೇ ಭಾರತ್ ಸ್ಲೀಪರ್ ರೈಲಿನ ಮಾದರಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಅನಾವರಣ ಮಾಡಿದ್ದೂ ಅಲ್ಲೇ. ಇಂಥ ತಯಾರಕರು ಸೀಟು, ಕಿಟಕಿ, ಕೇಬಲ್, ಬ್ರಾಕೆಟ್, ಪೈಪುಗಳನ್ನೆಲ್ಲ ಹೊರಗಿನಿಂದ ತರಿಸುತ್ತಾರೆ. ಇವರಿಗೆ ಪೂರೈಸುವವರನ್ನು ಉದ್ಯಮದ ಭಾಷೆಯಲ್ಲಿ ಟಯರ್–2 ಎನ್ನುತ್ತಾರೆ.

ಇಲ್ಲಿ ಮಾನ್ಯತೆಯ ಭಾಷೆ ಬೇರೆ. ಯುರೋಪಿನ ರೈಲು ಉದ್ಯಮಗಳ ಒಕ್ಕೂಟ ಯುನೈಫ್ 2006ರಲ್ಲಿ ಐರಿಸ್ ಎಂಬ ಗುಣಮಟ್ಟದ ಮಾನಕವನ್ನು ತಂದಿತು. ಅದು 2017ರಲ್ಲಿ ಐಎಸ್‌ಒ ತಾಂತ್ರಿಕ ವಿವರಣೆಯಾಗಿ, 2023ರಲ್ಲಿ ಐಎಸ್‌ಒ 22163 ಎಂಬ ಪೂರ್ಣ ಮಾನಕವಾಗಿ ಬೆಳೆಯಿತು. ಬೋಗಿಯ ಬೆಸುಗೆ ಕೆಲಸಕ್ಕೆ ಇಎನ್ 15085, ಬೆಂಕಿ ಸುರಕ್ಷತೆಗೆ ಇಎನ್ 45545 ಎಂಬ ಮಾನಕಗಳಿವೆ. ಇವು ಕೈಯಲ್ಲಿದ್ದರೆ ಹೊರದೇಶದ ಖರೀದಿದಾರರೂ ಮಾತಿಗೆ ಕೂರುತ್ತಾರೆ. ಖಾಸಗಿ ತಯಾರಕರ ಖರೀದಿ ಅಧಿಕಾರಿಗಳು ಕಾರ್ಖಾನೆಗೆ ಬಂದು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಮಾದರಿ ಮಾಡಿಸಿ ನೋಡುತ್ತಾರೆ. ಮಾತುಕತೆಗೆ ಜಾಗವಿದೆ. ಬದಲಿಗೆ ಒಂದು ದಿನ ತಡವಾದರೂ ಜೋಡಣೆಯ ಸಾಲು ನಿಲ್ಲುತ್ತದೆಂದು ಕೂಗಾಡುವ ಗಿರಾಕಿಯನ್ನು ಸಹಿಸಿಕೊಳ್ಳಬೇಕು.

ಪ್ರದರ್ಶನಗಳು ಹೆಚ್ಚು ಫಲ ಕೊಡುವುದು ಈ ವರ್ಗದ ಖರೀದಿದಾರರನ್ನು ಹುಡುಕುವಾಗ. ದೆಹಲಿಯಲ್ಲಿ ಉದ್ಯಮಗಳ ಒಕ್ಕೂಟ ಸಿಐಐ ರೈಲ್ವೆಯ ಜತೆಗೂಡಿ 1990ರಿಂದ ನಡೆಸುತ್ತಿರುವ ಐಆರ್‌ಇಇ ಮತ್ತು ಬರ್ಲಿನ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಇನ್ನೊಟ್ರಾನ್ಸ್ ಇವುಗಳಲ್ಲಿ ಮುಖ್ಯವಾದವು. ಬರ್ಲಿನ್‌ನಲ್ಲಿ ಬೋಗಿಗಳನ್ನೇ ತಂದು ನಿಲ್ಲಿಸಲು 3500 ಮೀಟರ್ ಹಳಿಯಿದೆ. ಇಂಥ ಕಡೆ ಹೊಳೆಯುವ ಫ್ಲೆಕ್ಸ್ ಹಾಕಿ ಪೆನ್ನು ಹಂಚಿದವರನ್ನು ಯಾರೂ ನೆನಪಿಡುವುದಿಲ್ಲ. ತಮ್ಮ ಮಾಲನ್ನು ಅಡ್ಡ ಕೊಯ್ದು ಒಳಗಿನ ರಚನೆ ತೋರಿಸಿದವರು, ಪಕ್ಕದಲ್ಲಿ ಪರೀಕ್ಷಾ ವರದಿ ಇಟ್ಟವರು, ‘ತಿಂಗಳಿಗೆ ಇಷ್ಟು ಕೊಡಬಲ್ಲೆ, ಇದಕ್ಕಿಂತ ಹೆಚ್ಚು ಆಗದು’ ಎಂದು ನೇರ ಹೇಳಿದವರು ನೆನಪಿರುತ್ತಾರೆ.

ಪಟ್ಟಿ ಚಿಕ್ಕದಾದರೆ

ಇಷ್ಟೆಲ್ಲ ಹೇಳಿದ್ದು ಪೂರೈಕೆದಾರರ ಪಾಠ. ಪಟ್ಟಿ ಇಟ್ಟುಕೊಂಡವರಿಗೂ ಪಾಠವಿದೆ. ಪಟ್ಟಿಯಲ್ಲಿ ನಾಲ್ಕೇ ಹೆಸರಿದ್ದರೆ ಆ ನಾಲ್ವರೂ ಖರೀದಿದಾರರನ್ನು ಬಿಟ್ಟು ಪರಸ್ಪರರನ್ನು ನೋಡತೊಡಗುತ್ತಾರೆ. ರೈಲು ಬೋಗಿಗಳ ಬ್ರಷ್‌ಲೆಸ್ ಡಿಸಿ ಫ್ಯಾನ್‌ಗಳ ಟೆಂಡರ್‌ಗಳಲ್ಲಿ ಪೂರೈಕೆದಾರರು ಒಳಗೊಳಗೇ ದರ ಮಾತಾಡಿಕೊಂಡಿದ್ದರೆಂದು ಭಾರತೀಯ ಸ್ಪರ್ಧಾ ಆಯೋಗ 2017ರ ಜನವರಿಯಲ್ಲಿ ತೀರ್ಮಾನಿಸಿತು. ತಪ್ಪೊಪ್ಪಿಕೊಂಡು ಮಾಹಿತಿ ಕೊಟ್ಟ ಕಂಪನಿಗೆ ದಂಡದಲ್ಲಿ ರಿಯಾಯಿತಿ ನೀಡಿದ ದೇಶದ ಮೊದಲ ಆದೇಶವೂ ಅದೇ. 2020ರ ಜುಲೈಯಲ್ಲಿ ಕಾಂಪೊಸಿಟ್ ಬ್ರೇಕ್ ಬ್ಲಾಕ್ ಪೂರೈಕೆಯಲ್ಲೂ ಇಂಥದೇ ಕೂಟ ನಡೆದಿತ್ತೆಂದು ಆಯೋಗ ಹೇಳಿತು.

ಎಲ್ಲ ಕಡೆ ಪಟ್ಟಿ ಚಿಕ್ಕದಿರುವುದಕ್ಕೆ ಕುತಂತ್ರವೇ ಕಾರಣ ಎನ್ನಲಾಗದು. ರೈಲುಗಳ ಡಿಕ್ಕಿ ತಪ್ಪಿಸುವ ‘ಕವಚ್’ ವ್ಯವಸ್ಥೆಯನ್ನು ನೋಡಿ. ಪ್ರಯಾಣಿಕ ರೈಲಿನಲ್ಲಿ ಅದರ ಪರೀಕ್ಷೆ ನಡೆದದ್ದು 2016ರಲ್ಲಿ, ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕಾರವಾದದ್ದು 2020ರ ಜುಲೈಯಲ್ಲಿ. ಆರಂಭದ ವರ್ಷಗಳಲ್ಲಿ ಅದನ್ನು ಪೂರೈಸಲು ಮಾನ್ಯತೆ ಇದ್ದದ್ದು ಮೇಧಾ, ಎಚ್‌ಬಿಎಲ್, ಕರ್ನೆಕ್ಸ್ ಎಂಬ ಮೂರೇ ಕಂಪನಿಗಳಿಗೆ. ಸುರಕ್ಷತೆಯ ಅತ್ಯುನ್ನತ ದರ್ಜೆಯಾದ ಎಸ್‌ಐಎಲ್–4 ಪ್ರಮಾಣ ಪಡೆಯುವುದು ಮಕ್ಕಳಾಟವಲ್ಲ. ಹೊಸಬರಿಗೆ ಬಾಗಿಲು ತೆರೆಯಲು ಕಾಲ ಹಿಡಿಯುವುದು ಸಹಜ. ಆದರೆ ಬಾಗಿಲು ತೆರೆಯುತ್ತಲೇ ಇರಬೇಕು.

ಬ್ರಿಟನ್ ಬೇರೊಂದು ದಾರಿ ಹಿಡಿದಿದೆ. ಅಲ್ಲಿ ರೈಲು ಉದ್ಯಮಕ್ಕೆಲ್ಲ ಸಾಮಾನ್ಯವಾದ ರಿಸ್ಕ್ಸ್ ಎಂಬ ಪೂರೈಕೆದಾರರ ಅರ್ಹತಾ ಯೋಜನೆಯಿದೆ. ನಡೆಸುವುದು ಆರ್‌ಎಸ್‌ಎಸ್‌ಬಿ ಎಂಬ ಸುರಕ್ಷತಾ ಮಂಡಳಿ. ಪೂರೈಕೆದಾರರು ಶುಲ್ಕ ಕಟ್ಟಿ, ಲೆಕ್ಕಪರಿಶೋಧನೆಯಂಥ ತಪಾಸಣೆಗೆ ಒಳಪಟ್ಟು ಸೇರುತ್ತಾರೆ. ಖರೀದಿದಾರರು ತಮಗೆ ಬೇಕಾದ ಸರಕು ಅಥವಾ ಸೇವೆಯ ಸಂಕೇತ ಹಾಕಿ ಹುಡುಕುತ್ತಾರೆ. ಒಮ್ಮೆ ಅರ್ಹತೆ ಸಾಬೀತಾದರೆ ಹಲವು ಖರೀದಿದಾರರ ಕಣ್ಣಿಗೆ ಒಟ್ಟಿಗೇ ಬೀಳಬಹುದು ಎಂಬುದು ಅದರ ಲಾಭ. ಅಲ್ಲೂ ಜಗಳ ತಪ್ಪಲಿಲ್ಲ. ಈ ಒಂದೇ ಯೋಜನೆಯ ಪ್ರಮಾಣವಿದ್ದವರನ್ನು ಮಾತ್ರ ಒಪ್ಪುತ್ತೇನೆಂದ ನೆಟ್‌ವರ್ಕ್ ರೈಲ್ ವಿರುದ್ಧ, ಪ್ರಮಾಣೀಕರಣ ಸೇವೆ ಕೊಡುವ ಅಕಿಲೀಸ್ ಎಂಬ ಕಂಪನಿ ಮೊಕದ್ದಮೆ ಹೂಡಿತು. ಆ ನಿಯಮ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ನ್ಯಾಯಮಂಡಳಿ 2019ರಲ್ಲಿ ತೀರ್ಪು ಕೊಟ್ಟಿತು. ಮಾನ್ಯತೆ ಕೊಡುವವರಿಗೂ ಪೈಪೋಟಿ ಬೇಕು ಎಂಬುದು ಅದರ ತಾತ್ಪರ್ಯ.

ವಸ್ತುವೇ ಮಾಯವಾದರೆ

ಪಟ್ಟಿ ಸೇರಿ, ಆರ್ಡರ್ ಗಿಟ್ಟಿಸಿ, ಮೇಲಿನ ಮೆಟ್ಟಿಲೇರಿದವರಿಗೂ ಒಂದು ಭಯವಿದೆ: ವಸ್ತುವೇ ಹಳತಾಗುವುದು. ಐಸಿಎಫ್ ದಶಕಗಳ ಕಾಲ ತಯಾರಿಸಿದ ನೀಲಿ ಬೋಗಿಗಳ ಹಳೆಯ ವಿನ್ಯಾಸವನ್ನು 2018ರಲ್ಲಿ ಕೈಬಿಟ್ಟು ಜರ್ಮನ್ ಮೂಲದ ಎಲ್‌ಎಚ್‌ಬಿ ವಿನ್ಯಾಸಕ್ಕೆ ಪೂರ್ತಿ ಹೊರಳಿತು. ಹಳಿಗಳ ವಿದ್ಯುದೀಕರಣ ಮುಗಿಯುತ್ತ ಬಂದಂತೆ ಡೀಸೆಲ್ ಎಂಜಿನ್‌ಗಳ ಹೊಸ ತಯಾರಿಕೆ ಬಹಳ ಕುಗ್ಗಿತು. ಹಳೆಯ ಬೋಗಿ, ಹಳೆಯ ಎಂಜಿನ್‌ಗಳ ರಿಪೇರಿಗೆ ಬಿಡಿಭಾಗ ಇನ್ನೂ ಕೆಲವು ವರ್ಷ ಬೇಕಾಗುತ್ತದೆ, ನಿಜ. ಆದರೆ ವರ್ಷದಿಂದ ವರ್ಷಕ್ಕೆ ಆ ಬೇಡಿಕೆ ಇಳಿಯುತ್ತದೆ. ಅಪ್ರೂವ್ಡ್ ದರ್ಜೆಯ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ, ಟೆಂಡರ್ ಮಾತ್ರ ಬರುವುದಿಲ್ಲ. 2024–25ರಲ್ಲಿ ದೇಶದಲ್ಲಿ 1681 ರೈಲು ಎಂಜಿನ್‌ಗಳು ತಯಾರಾದವು. ಇಷ್ಟು ದೊಡ್ಡ ಪೇಟೆಯಲ್ಲೂ ಹಳೆಯ ವಸ್ತುವನ್ನೇ ನಂಬಿ ಕೂತವರಿಗೆ ಜಾಗವಿಲ್ಲ. ಹಾಗಾಗಿ ಜಾಣರು ಇರುವ ವಸ್ತುವಿನ ಆರ್ಡರ್ ಪೂರೈಸುತ್ತಲೇ ಮುಂದಿನ ವಸ್ತುವಿನ ಮಾನ್ಯತೆಗೆ ಅರ್ಜಿ ಹಾಕಿರುತ್ತಾರೆ.

ಕರ್ನಾಟಕದಲ್ಲಿ ಎರಕ, ಫೋರ್ಜಿಂಗ್, ರಬ್ಬರ್, ಎಲೆಕ್ಟ್ರಾನಿಕ್ಸ್ ಬಲ್ಲ ಸಣ್ಣ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಅವುಗಳ ಮಾಲೀಕರಿಗೆ ಎರಡು ಮಾತು. ಮಾನ್ಯತೆಯ ಶುಲ್ಕ ಕಟ್ಟುವ ಮುನ್ನ ಐಆರ್‌ಇಪಿಎಸ್‌ನಲ್ಲಿ ನಿಮ್ಮ ವಸ್ತುವಿಗೆ ಎಷ್ಟು ಟೆಂಡರ್ ಬರುತ್ತಿವೆ, ಪಟ್ಟಿಯಲ್ಲಿ ಈಗಾಗಲೇ ಎಷ್ಟು ಜನರಿದ್ದಾರೆ ನೋಡಿ. ಪಟ್ಟಿ ತುಂಬಿ ತುಳುಕುತ್ತಿದ್ದರೆ ಅದರ ಪಕ್ಕದ, ಇನ್ನೂ ಹೊರದೇಶದಿಂದ ತರಿಸುತ್ತಿರುವ ಅಥವಾ ಎರಡು ಮೂರೇ ಪೂರೈಕೆದಾರರಿರುವ ವಸ್ತುವನ್ನು ಆರಿಸಿ. ಕಡತ ಮುಂದೆ ತಳ್ಳಿಸುತ್ತೇನೆಂದು ಕಮಿಷನ್ ಕೇಳುವ ಮಧ್ಯವರ್ತಿಗೆ ಕೊಡುವ ಹಣವನ್ನು ಗಡಸುತನ ಅಳೆಯುವ ಒಂದು ಒಳ್ಳೆಯ ಯಂತ್ರಕ್ಕೆ ಹಾಕಿ.

ರೈಲ್ವೆಗೂ ಒಂದು ಮಾತು. ಯಾವ ವಸ್ತುವಿಗೆ ಎಷ್ಟು ಜನರಿಗೆ ಮಾನ್ಯತೆ ಕೊಟ್ಟೆವು ಎಂಬ ಲೆಕ್ಕದಷ್ಟೇ ಮುಖ್ಯವಾದದ್ದು, ಮಾನ್ಯತೆ ಸಿಕ್ಕ ಎಷ್ಟು ದಿನಕ್ಕೆ ಅವರಿಗೆ ಮೊದಲ ಆರ್ಡರ್ ಸಿಕ್ಕಿತು ಎಂಬ ಲೆಕ್ಕ. ಅದನ್ನು ವಸ್ತುವಾರು ಪ್ರತಿ ವರ್ಷ ಪ್ರಕಟಿಸಲಿ. ಹೊಸಬರಿಗೆಂದು ಇಟ್ಟ ಶೇ 20ರ ಪಾಲು ನಿಜಕ್ಕೂ ಹೊಸಬರಿಗೆ ಹೋಗುತ್ತಿದೆಯೇ ಎಂಬುದು ಆಗ ಎಲ್ಲರಿಗೂ ತಿಳಿಯುತ್ತದೆ.